ಕಲ್ಲಿನ ರಥದ ಮೇಲಿದ್ದ ಶಿಖರ

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅಲ್ಲಿಗೆ ಹೋಗದವರೂ 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಕಂಡಿರುತ್ತಾರೆ. ಶಿಖರವಿಲ್ಲದ ಆ ಗರುಡಗುಡಿಯೇ ಅದರ ಮೂಲರೂಪವೆಂದು ಬಗೆಯುವುದು ಸಹಜ. ಆದರೆ 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಮುಂದೆ ಅದು ಇಲ್ಲವಾಯಿತು. ವಿಜಯನಗರದ ವಾಸ್ತುವನ್ನು ಕುರಿತು ಬರೆಯುವವರಿಗೆ ಈ ಒಂದು ಚಿತ್ರ ಎಷ್ಟೋ ಪುಟಗಳ ವರ್ಣನೆಗಿಂತ ದೊಡ್ಡ ಆಧಾರ.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಚಿತ್ರವನ್ನು ಹಿಗ್ಗಿಸುವ ಅನುಕೂಲ ಆಗ ಇರಲಿಲ್ಲವಾದ್ದರಿಂದ ಬೇಕಾದ ಚಿತ್ರದಷ್ಟೇ ದೊಡ್ಡ ಕಾಗದ, ಅದು ಹಿಡಿಸುವಷ್ಟು ದೊಡ್ಡ ಮರದ ಪೆಟ್ಟಿಗೆ, ಹಲವು ನಿಮಿಷಗಳ ಕಾಯುವಿಕೆ ಇವೆಲ್ಲ ಅನಿವಾರ್ಯ. ಕಾಗದ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರಿದಾಗಿ ಮೂಡುತ್ತಿತ್ತು. ಗಾಳಿಗೆ ಅಲುಗಿದ ಎಲೆ ಮಸುಕಾಗುತ್ತಿತ್ತು. ನಡೆದುಹೋದ ಮನುಷ್ಯನ ಗುರುತೇ ಉಳಿಯುತ್ತಿರಲಿಲ್ಲ. ಕಲ್ಲು ಮಾತ್ರ ಕದಲದೆ ನಿಂತಿತು. 1851ರಲ್ಲಿಯೇ ಗಾಜಿನ ಫಲಕದ ಹೊಸ ವಿಧಾನ ಪ್ರಕಟವಾಗಿತ್ತು. ಸ್ಪಷ್ಟತೆಯಲ್ಲಿ ಅದು ಮೇಲು. ಆದರೆ ಫಲಕದ ಲೇಪ ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕು. ಬಿಸಿಲ ನಾಡಿನಲ್ಲಿ ಕತ್ತಲೆಯ ಡೇರೆಯನ್ನು ಹೊತ್ತು ತಿರುಗಬೇಕು. ಮೇಣದ ಕಾಗದವನ್ನಾದರೋ ಮೊದಲೇ ಸಿದ್ಧಪಡಿಸಿ ಒಯ್ಯಬಹುದಿತ್ತು. ಹೊಸದೆಂಬ ಒಂದೇ ಕಾರಣಕ್ಕೆ ಉಪಕರಣ ಬದಲಿಸುವ ಇಂದಿನ ಆತುರ ಆಗಲೂ ಇದ್ದಿದ್ದರೆ ಎಷ್ಟು ಚಿತ್ರಗಳು ಹುಟ್ಟುತ್ತಿದ್ದವೋ!

1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅದೇ ನೋಟಗಳನ್ನು ಮತ್ತೆ ಸೆರೆಹಿಡಿದರು. ನಿಂತ ನೆಲ ಒಂದೇ ಆದಾಗ ಮಾತ್ರ ಎರಡು ಚಿತ್ರಗಳ ಅಂತರ ಕಾಲದ ಅಂತರವಾಗುತ್ತದೆ. ಎಷ್ಟು ಒಳ್ಳೆಯ ಮಸೂರವಾದರೂ ಬಿದ್ದ ಶಿಖರವನ್ನು ಕಾಣಿಸದು. ಕಾಗದದ ನಾರಿನಲ್ಲಿ ಮಸುಕಾದ ಕೆತ್ತನೆಯ ಗೆರೆಗಳನ್ನು ಹಳೆಯ ಚಿತ್ರವೂ ಬಿಡಿಸಿ ತೋರದು. ಸಂಶೋಧಕನಿಗೆ ಎರಡೂ ಬೇಕು.

ಶಾಸನ ಅಧ್ಯಯನದಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ಫಿಲ್ಮ್ ಹೋಗಿ ಡಿಜಿಟಲ್ ಬಂದ ಹೊಸತರಲ್ಲಿ ಹಳೆಯ ಚಿತ್ರಗಳನ್ನು ಅಂದಿನ ಕಂಪ್ಯೂಟರ್ ಪರದೆಗೆ ಸಾಲುವಷ್ಟು ಸಣ್ಣದಾಗಿ ಸ್ಕ್ಯಾನ್ ಮಾಡಿ, ನೆಗೆಟಿವ್‌ಗಳನ್ನು ಜಾಗವಿಲ್ಲವೆಂದು ಎಸೆದವರು ಉಂಟು. ಇಂದು ಆ ಚಿತ್ರವನ್ನು ಹಿಗ್ಗಿಸಿದರೆ ಅಕ್ಷರ ಬಿಡಿಸಿಕೊಳ್ಳುವುದಿಲ್ಲ, ಚೌಕಗಳು ಕಾಣುತ್ತವೆ. ‘ಪ’ಕಾರವೋ ‘ಷ’ಕಾರವೋ ಎಂಬುದು ಒಳಗಿನ ಒಂದು ಗೆರೆಯ ಪ್ರಶ್ನೆ; ಒಂದು ಊರಿನ, ಒಬ್ಬ ದಾನಿಯ ಹೆಸರು ಅದರ ಮೇಲೆ ನಿಂತಿರುತ್ತದೆ. ಹೊಸ ಕ್ಯಾಮೆರಾ ಹಿಡಿದು ಮತ್ತೆ ಕಲ್ಲಿನ ಬಳಿಗೆ ಹೋಗಬಹುದು. ಅಷ್ಟರಲ್ಲಿ ಆ ಸಾಲಿನ ಚಕ್ಕೆ ಎದ್ದುಹೋಗಿದ್ದರೆ, ಮುದ್ರಿತ ಪಾಠದಲ್ಲಿ ಆ ಜಾಗದಲ್ಲಿ ನಾಲ್ಕಾರು ಚುಕ್ಕಿಗಳನ್ನಿಟ್ಟು ಮುಂದಿನ ಸಾಲಿಗೆ ಸಾಗಬೇಕಾಗುತ್ತದೆ.