ಮಧ್ಯಾಹ್ನದ ಮುನಿಸು

ಮಧ್ಯಾಹ್ನ ಎರಡಾಯಿತೆಂದರೆ ನಮ್ಮ ಹಿತ್ತಲ ಹೈಡ್ರೇಂಜಿಯಾ ಮುನಿಸಿಕೊಳ್ಳುತ್ತದೆ. ಅಂಗೈಯಗಲದ ಎಲೆಗಳೆಲ್ಲ ಹಿಂಡಿ ಹಾಕಿದ ಬಟ್ಟೆಯಂತೆ ಜೋತುಬೀಳುತ್ತವೆ. ಮೊದಲ ವರ್ಷ ಕೊಡ ಹಿಡಿದು ಓಡುತ್ತಿದ್ದೆ. ಹಾಗೆ ಉಪಚರಿಸಿಯೇ ಒಂದು ಗಿಡದ ಬೇರು ಕೊಳೆಸಿದೆ. ಬೀದರದ ಬಿಸಿಲಿಗೆ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಆ ಹೊತ್ತಿಗೆ ಏರಿಸಲಾರದು, ಅಷ್ಟೇ. ಸಂಜೆ ಚಹಾ ಕುದಿಯುವಷ್ಟರಲ್ಲಿ ತಾನೇ ತಲೆಯೆತ್ತುತ್ತದೆ. ಈಗ ಬೆರಳು ಮಣ್ಣಿಗಿಳಿಸಿ ನೋಡುತ್ತೇನೆ. ಒಳಗೆ ತಂಪಿದ್ದರೆ ಮುನಿಸಿಗೆ ಸೊಪ್ಪು ಹಾಕುವುದಿಲ್ಲ.

ಊಟಿಯ ಮಂಜಲ್ಲಿ ಬೇಲಿಗುಂಟ ಬೆಳೆಯುವ ಹೂವನ್ನು ಇಲ್ಲಿಗೆ ತಂದದ್ದು ನನ್ನ ಹುಂಬತನವೇ. ಅದರ ಹೆಸರಿನಲ್ಲೇ ಗ್ರೀಕರ ನೀರಿನ ಪಾತ್ರೆಯಿದೆ. ನಮ್ಮೂರೋ, ಜಂಬಿಟ್ಟಿಗೆ ಬಂಡೆಯೊಳಗೆ ಸುರಂಗ ಕೊರೆದು, ನೌಬಾದಿನ ಕರೇಜಿನಲ್ಲಿ ನೀರು ಹರಿಸಿಕೊಂಡು ಬಾಳಿದ ಊರು. ಆದರೂ ನಮ್ಮ ಡಿಸೆಂಬರಿನ ಚಳಿ ಅದಕ್ಕೆ ಒಗ್ಗಿತು. ಮೊಗ್ಗು ಕಟ್ಟಲು ತಂಪು ಬೇಕಂತೆ. ಪೂರ್ವದ ಗೋಡೆ, ಹತ್ತರ ತನಕ ಎಳೆಬಿಸಿಲು, ಆಮೇಲೆ ಬೇವಿನ ನೆರಳು, ಬುಡಕ್ಕೆ ಕಬ್ಬಿನ ರವದಿ. ಅಂದ ಮಾಡಲು ಹೋಗಿ ಒಮ್ಮೆ ಚಳಿಗಾಲದಲ್ಲಿ ಕತ್ತರಿಯಾಡಿಸಿದೆ. ಆ ವರ್ಷ ಬರೀ ಸೊಪ್ಪು! ಹಳೆಯ ಕಡ್ಡಿಯಲ್ಲೇ ಅದರ ಮೊಗ್ಗು ಅಡಗಿರುತ್ತದೆ.

ಜಗಳ ಎದ್ದದ್ದು ಬಣ್ಣದ ಮೇಲೆ. ಭಾಲ್ಕಿಯ ಅಕ್ಕನಿಗೆ ಇದೇ ಗಿಡದ ಕಡ್ಡಿ ಕೊಟ್ಟಿದ್ದೆ. ನನ್ನದು ನೀಲಿ, ಅವಳದು ಗುಲಾಬಿ. "ಛಲೋದು ನೀ ಇಟ್ಕೊಂಡು ನಂಗ ಬ್ಯಾರೆ ಕೊಟ್ಟಿ ನೋಡು" ಎಂದಳು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ. ಅದರೊಳಗಿನ ಅಲ್ಯುಮಿನಿಯಂ ಕರಗಿ ಹೂವಿಗೇರಿದರೆ ನೀಲಿ. ಅವಳ ಎರೆಮಣ್ಣಲ್ಲಿ ಸುಣ್ಣದ ಹರಳು. ಅಲ್ಲಿ ಅಲ್ಯುಮಿನಿಯಂ ಕರಗದು. ನಾನೂ ಬೋರಿನ ಗಡುಸು ನೀರನ್ನೇ ಹಾಕುತ್ತಿದ್ದರೆ ನೀಲಿ ಮಾಸುತ್ತದೆ, ಅದಕ್ಕೇ ಮಳೆನೀರು ಹಿಡಿದಿಡುತ್ತೇನೆ. ಇದನ್ನೆಲ್ಲ ಅಕ್ಕ ನಂಬಲಿಲ್ಲ. ಬಿದರಿ ಕುಶಲಕರ್ಮಿಗಳು ಕೋಟೆಯ ಹಳೆಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದರೆ ಸತು-ತಾಮ್ರದ ಹೂಜಿ ಕಪ್ಪಾಗಿ ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿಯುವುದಿಲ್ಲವೇ ಎಂದೆ. "ಅದು ಲೋಹ, ಇದು ಹೂವ" ಎಂದು ಬಾಯಿ ಮುಚ್ಚಿಸಿದಳು.

ಔರಾದಿನ ಸೋದರತ್ತೆಯದು ಬೇರೆಯೇ ತಕರಾರು. "ವಾಸನಿ ಇಲ್ಲ, ದೇವ್ರಿಗಿ ಏರ್ಸಾಕ ಬರಲ್ಲ, ದಿನಾ ನೀರ ಕೇಳ್ತದ. ಏನ್ ಹೂವವ್ವಾ ಇದು?" ನಾವು ಎಸಳೆಂದು ಹೊಗಳುವುದು ನಿಜವಾಗಿ ಪುಷ್ಪಪತ್ರ, ಅಸಲಿ ಹೂವು ನಡುವಿನ ಚುಕ್ಕಿಯಷ್ಟೇ ಎಂದು ಹೇಳಿದ್ದರೆ ಗಿಡವನ್ನೇ ಕಿತ್ತೆಸೆ ಎನ್ನುತ್ತಿದ್ದಳೇನೋ. ಸುಮ್ಮನಿದ್ದೆ. ಬಸ್ಸಿಗೆ ಹೊರಟಾಗ ಅವಳ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಎರಡು ಕಡ್ಡಿ ಇಣುಕುತ್ತಿದ್ದವು. ಅತ್ತೆಯ ಹಿತ್ತಲದ್ದೂ ಎರೆಮಣ್ಣೇ. ಅಲ್ಲೂ ಗುಲಾಬಿ ಅರಳಿದರೆ ಇಬ್ಬರೂ ಕೂಡಿ ನನ್ನನ್ನು ಕಳ್ಳಿ ಎನ್ನುವುದು ಖಂಡಿತ.