ಆರ್ಥರ್‌ನಿಗೆ ಸಾವಿಲ್ಲ

2012ರ ಡಿಸೆಂಬರ್‌ನಲ್ಲಿ ಬಿಬಿಸಿಯ ‘ಮರ್ಲಿನ್’ ಧಾರಾವಾಹಿ ಮುಗಿದಾಗ ರಾಜ ಆರ್ಥರ್ ಮಾಂತ್ರಿಕ ಗೆಳೆಯನ ತೋಳಲ್ಲೇ ಪ್ರಾಣ ಬಿಟ್ಟ. ಕಟ್ಟಕಡೆಯ ದೃಶ್ಯದಲ್ಲಿ ಮುದುಕನಾದ ಮರ್ಲಿನ್, ಇಂದಿನ ಕಾಲದ ಡಾಂಬರು ರಸ್ತೆಯ ಬದಿಯಲ್ಲಿ ಒಬ್ಬನೇ ನಡೆಯುತ್ತಾನೆ. ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಜೀವ ಪಡೆದು ಕೆರೆಯಿಂದ ಎದ್ದುಬರುವ ಆರ್ಥರ್, ಲಂಡನ್‌ನಲ್ಲಿ ಬಾಡಿಗೆ ಮನೆ ಹುಡುಕುವ ಆರ್ಥರ್, ಕಾಲೇಜಿನಲ್ಲಿ ಓದುವ ಮರ್ಲಿನ್: ‘ಆರ್ಕೈವ್ ಆಫ್ ಅವರ್ ಓನ್’ ತಾಣದಲ್ಲಿ ಅವರು ಬರೆದ ಇಂಥ ಕಥೆಗಳು ಸಾವಿರಾರು.

ಇವುಗಳಿಂದ ಮೂಲ ಕೆಟ್ಟಿತು ಎಂದು ಕೊರಗುವವರಿದ್ದಾರೆ. ಆದರೆ ಯಾವ ಮೂಲ?

1136ರ ಸುಮಾರಿಗೆ ಜೆಫ್ರಿ ಆಫ್ ಮಾನ್ಮತ್ ಲ್ಯಾಟಿನ್‌ನಲ್ಲಿ ಬರೆದ ಆರ್ಥರ್ ಚರಿತ್ರೆಯಲ್ಲಿ ವೀರರು ಸುತ್ತ ಕೂರುವ ದುಂಡುಮೇಜು ಇಲ್ಲ, ವೀರ ಲ್ಯಾನ್ಸೆಲಾಟ್ ಕೂಡ ಇಲ್ಲ. ಮೇಜನ್ನು 1155ರಲ್ಲಿ ವೇಸ್ ಎಂಬ ಕವಿ ತಂದ. ರಾಣಿಯ ಪ್ರೇಮಿಯಾಗಿ ಲ್ಯಾನ್ಸೆಲಾಟ್‌ನನ್ನು ನಿಲ್ಲಿಸಿದವನು ಫ್ರಾನ್ಸಿನ ಕ್ರೆಟಿಯನ್ ದ ತ್ರ್ವಾ. ಅವನು ‘ಪರ್ಸಿವಲ್’ ಕಾವ್ಯವನ್ನು ಅರ್ಧಕ್ಕೇ ನಿಲ್ಲಿಸಿದಾಗ ಬೇರೆ ಕವಿಗಳು ಒಬ್ಬರ ಮೇಲೊಬ್ಬರಂತೆ ಸಾವಿರಾರು ಸಾಲು ಸೇರಿಸಿ ಮುಂದುವರಿಸಿದರು. ಇಂದಿನ ಅಭಿಮಾನಿಗಳ ಕೆಲಸವೂ ಇದೇ ಪರಂಪರೆಯದು, ಇದನ್ನು ಕೀಳೆಂದು ತಳ್ಳಿಹಾಕುವುದು ಅನ್ಯಾಯ.

ಅದರಲ್ಲೂ ರಾಣಿಯ ಕಥೆ ನೋಡಬೇಕು. ಜೆಫ್ರಿಯೂ, 15ನೇ ಶತಮಾನದ ಲೇಖಕ ಮ್ಯಾಲರಿಯೂ ಗ್ವಿನಿವಿಯರ್‌ಳನ್ನು ಕೊನೆಗೆ ಸನ್ಯಾಸಿನಿಯರ ಮಠಕ್ಕೆ ಕಳಿಸಿದರು. ಧಾರಾವಾಹಿಯಲ್ಲಿ ಗ್ವೆನ್ ಎನಿಸುವ ಅವಳು ಕಮ್ಮಾರನ ಮಗಳು, ಅರಮನೆಯ ಸೇವಕಿ; ಗಂಡ ಸತ್ತ ಮೇಲೆ ಸಿಂಹಾಸನದಲ್ಲಿ ಒಬ್ಬಳೇ ಕೂರುತ್ತಾಳೆ. ಅವಳು ರಾಜ್ಯವಾಳಿದ ಬಗೆಯನ್ನು ಧಾರಾವಾಹಿ ತೋರಿಸಲಿಲ್ಲ. ಅದನ್ನು ಅಭಿಮಾನಿಗಳು ಬರೆಯುತ್ತಿದ್ದಾರೆ.