ಚಪಡನ ಸಹಿ ಮತ್ತು ಮೆಮೊರಿ ಕಾರ್ಡು

ರಾಯಚೂರಿನ ಬೇಸಿಗೆ ಮಧ್ಯಾಹ್ನ ಫ್ಯಾನಿನ ಗಾಳಿಯೂ ಬಿಸಿ. ಅಂಗೈಯಗಲದ ರಾಸ್ಪ್‌ಬೆರಿ ಪೈ ಬೋರ್ಡು 80 ಡಿಗ್ರಿ ಮುಟ್ಟಿತೆಂದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಷ್ಟು ಕಾಯುವ ಮೊದಲೇ ಊರು ಆ ಕೆಲಸ ಮಾಡಿರುತ್ತದೆ. ಎಚ್ಚರವಾಗಿರುವವನು ಈ ಬರಹಗಾರನೊಬ್ಬ. ಬಿಡುವಿನ ವೇಳೆಯಲ್ಲಿ ಇಂಥ ಬೋರ್ಡುಗಳಿಗೆ ಒಎಸ್ ಇಮೇಜು ಕಟ್ಟುವುದು ಅವನ ಹುಚ್ಚು. ಕಂಪ್ಯೂಟರು ಎದ್ದೇಳಲು ಬೇಕಾದದ್ದರಿಂದ ಹಿಡಿದು ಪರದೆಯ ಮೇಲಿನ ಚಿತ್ರದವರೆಗೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬಿ, ಮೆಮೊರಿ ಕಾರ್ಡಿಗೆ ಇಳಿಸಿ, ದೇವದುರ್ಗದಲ್ಲೋ ಮಾನ್ವಿಯಲ್ಲೋ ಇರುವ ಪರಿಚಯದ ಮಾಸ್ತರರ ಕೈಗೆ ಕೊಟ್ಟು ಬರುತ್ತಾನೆ.

ಕಂಪನಿಯವರು ಪುಕ್ಕಟೆಯಾಗಿ ಕೊಡುವ ಇಮೇಜು ಇರುವಾಗ ಇದೇಕೆ? ಮನೆಯವರು ಕೇಳುವ ಪ್ರಶ್ನೆಯೂ ಇದೇ. ಉತ್ತರ ಸಿಗುವುದು ಶಾಲೆಯಲ್ಲಿ. ಕನ್ನಡ ಟೈಪು ಮಾಡಲು ಕೀಲಿಮಣೆಯ ವಿನ್ಯಾಸ ಬೇಕು, ಅದೂ ಮಾಸ್ತರರ ಕೈಗೆ ಪಳಗಿದ ಕೆ.ಪಿ. ರಾವ್ ಅವರ ವಿನ್ಯಾಸ. ನೆಟ್‌ವರ್ಕು ನಂಬುವಂಥದಲ್ಲ, ಹಾಗಾಗಿ ಕನ್ನಡ ವಿಕಿಪೀಡಿಯವನ್ನೇ ಕಿವಿಕ್ಸ್ ತಂತ್ರಾಂಶದ ಜೊತೆ ಕಾರ್ಡಿನೊಳಗೆ ಕೂರಿಸಬೇಕು. ಎಲ್ಲಕ್ಕಿಂತ ದೊಡ್ಡದು ಕರೆಂಟು.

“ಸರ, ಕರೆಂಟ್ ಹೇಳಿ ಹೋಗಂಗಿಲ್ರಿ,” ಎಂದರು ದೇವದುರ್ಗದ ಮಾಸ್ತರರು. “ಹುಡುಗೂರಿಗೆ ಬಟನ್ ಒತ್ತೂದಷ್ಟೇ ಗೊತ್ತು. ಹೋಗಿ ಬಂದ್ರೂ ಅದು ಕೆಡಬಾರದು ನೋಡ್ರಿ.”

ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನೊಳಗಿನ ಫೈಲುಗಳು ಕೆಡಬಹುದು. ಇದಕ್ಕೆ ಮದ್ದು ಓವರ್‌ಲೇ ಎಂಬ ಏರ್ಪಾಡು. ಕಾರ್ಡನ್ನು ಓದಲಿಕ್ಕಷ್ಟೇ ಬಿಟ್ಟು, ಹೊಸದಾಗಿ ಬರೆದದ್ದನ್ನೆಲ್ಲ ರ‍್ಯಾಮಿನಲ್ಲಿ ಇರಿಸುವುದು. ಆರಿಸಿದ ಕೂಡಲೇ ಅದು ಮಾಯ. ಹುಡುಗರು ಪರದೆಗೆ ಇವತ್ತು ಕ್ರಿಕೆಟಿಗನ ಚಿತ್ರ ಹಾಕಿದರೆ ನಾಳೆ ಮತ್ತೆ ರಾಯಚೂರು ಕೋಟೆಯೇ ಬರುತ್ತದೆ. ಅವರು ದಿನವೂ ಹಾಕುತ್ತಾರೆ, ಕೋಟೆ ದಿನವೂ ಬರುತ್ತದೆ. ಪಾಠದ ಕಡತಗಳನ್ನು ಮಾತ್ರ ಪೆನ್‌ಡ್ರೈವಿನಲ್ಲಿ ಉಳಿಸಬೇಕು.

ಕಟ್ಟುವ ಸಲಕರಣೆಯ ಹೆಸರು ಪೈ-ಜೆನ್. ರಾಸ್ಪ್‌ಬೆರಿ ಪೈ ಕಂಪನಿಯವರು ತಮ್ಮ ಇಮೇಜುಗಳನ್ನು ಕಟ್ಟುವುದೂ ಇದರಿಂದಲೇ. ಕೆಲಸ ಸ್ಟೇಜ್ 0ರಿಂದ 5ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಡೆಬಿಯನ್ ಲಿನಕ್ಸಿನ ಬುಡ, ಬೂಟ್ ಆಗುವಷ್ಟು ಮೈ, ಆಮೇಲೆ ಡೆಸ್ಕ್‌ಟಾಪು, ಕೊನೆಗೆ ಉಳಿದ ಸರಂಜಾಮು. ಬೇಕಾದಲ್ಲಿ ನಿಲ್ಲಿಸಿ ನಮ್ಮದೇ ಒಂದು ಸ್ಟೇಜು ಸೇರಿಸಬಹುದು. ಅದರೊಳಗೆ ಇರುವುದು ಪ್ಯಾಕೇಜುಗಳ ಪಟ್ಟಿ, ಒಂದೆರಡು ಸ್ಕ್ರಿಪ್ಟು, ಅಷ್ಟೇ. ಮಾಮೂಲಿ ಲ್ಯಾಪ್‌ಟಾಪಿಗೆ ಪೈನ ಎಆರ್‌ಎಂ ಭಾಷೆ ಬಾರದು. ಕ್ಯೂಎಮು ಎಂಬ ದುಭಾಷಿ ನಡುವೆ ಕೂತು ಸಾಲು ಸಾಲಾಗಿ ತಿಳಿಸುತ್ತ ಹೋಗುವುದರಿಂದ ಬುಡದಿಂದ ಕಟ್ಟಲು ಹೊರಟರೆ ಊಟ ಮುಗಿಸಿ ಒಂದು ನಿದ್ದೆ ತೆಗೆಯಬಹುದು.

ಆ ನಿದ್ದೆಯ ಬದಲು ಬರಹಗಾರ ಮಸ್ಕಿಯ ಬಗ್ಗೆ ಓದುತ್ತಾನೆ. ಮಾನ್ವಿಯಿಂದ ಸಿಂಧನೂರು ದಾಟಿ ಹೋದರೆ ಸಿಗುವ ಊರು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ ಅಲ್ಲಿ ಅಶೋಕನ ಶಾಸನ ಸಿಕ್ಕಿತು; ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇದ್ದದ್ದು ಅದರ ಹೆಚ್ಚುಗಾರಿಕೆ. ಹೆಚ್ಚುಕಡಿಮೆ ಅದೇ ಪಾಠ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಇದೆ. ಬ್ರಹ್ಮಗಿರಿಯದಕ್ಕೆ ಒಂದು ಸ್ಥಳೀಯ ತಲೆಬರಹ: ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಕುಶಲ ವಿಚಾರಿಸುವ ಮಾತು. ಒಂದೇ ಬುಡ, ಊರಿಗೊಂದು ಸ್ಟೇಜು! ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಕಸುಬಿನ ಹೆಸರನ್ನು ಈ ಕಡೆ ಯಾರಿಗೂ ಓದಲು ಬರದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಪೈ-ಜೆನ್ ಕೂಡ ಪ್ರತಿ ಇಮೇಜಿನೊಳಗೆ ಒಂದು ಪುಟ್ಟ ಫೈಲು ಇಟ್ಟು, ಕಟ್ಟಿದ ದಿನಾಂಕ, ಸಲಕರಣೆಯ ಯಾವ ಆವೃತ್ತಿ, ಎಷ್ಟನೇ ಸ್ಟೇಜು ಎಂದು ಬರೆದಿಡುತ್ತದೆ. ಅದನ್ನು ತೆರೆದು ನೋಡುವ ಮಾಸ್ತರರೂ ಇಲ್ಲಿಯವರೆಗೆ ಸಿಕ್ಕಿಲ್ಲ.

ನಕಲಿಗೆ ಒಂದು ಅಪಾಯವೂ ಉಂಟು. ಓಡಿಸಿ ನೋಡಿದ ಕಾರ್ಡನ್ನು ಹಾಗೆಯೇ ಪ್ರತಿ ಮಾಡಿ ಹಂಚಿದರೆ ಎಲ್ಲ ಶಾಲೆಗಳ ಕಂಪ್ಯೂಟರುಗಳಿಗೂ ಒಂದೇ ಗುಪ್ತ ಕೀಲಿ, ಒಂದೇ ಗುರುತಿನ ಸಂಖ್ಯೆ. ಇವು ಮೊದಲ ಸಲ ಚಾಲೂ ಆದಾಗ ಅಲ್ಲಿಯೇ ಹುಟ್ಟಬೇಕು. ಪೈನಲ್ಲಿ ಎಲ್ಲೆಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡು ನಡೆಯುತ್ತಿದ್ದ ಕಾಲವಿತ್ತು. 2022ರ ಏಪ್ರಿಲ್‌ನಲ್ಲಿ ಕಂಪನಿ ಅದನ್ನು ತೆಗೆದುಹಾಕಿತು. ತಡವಾಯಿತೆಂದೇ ಬರಹಗಾರನ ಅಭಿಪ್ರಾಯ.

ಹಳ್ಳಿಗೊಂದು ಅಗ್ಗದ ಕಂಪ್ಯೂಟರು ಎಂಬ ಕನಸು 2012ರಲ್ಲಿ ಕೇಂಬ್ರಿಡ್ಜಿನಿಂದ ಪೈ ಬರುವ ಮೊದಲೇ ಕರ್ನಾಟಕಕ್ಕೆ ಬಿದ್ದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಜೊತೆಗೂಡಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಹೊರಬಂತು. ಒಳಗೆ ಲಿನಕ್ಸ್, ಓದಲು ಬಾರದವರಿಗಾಗಿ ಮಾತಿನ ಸೌಲಭ್ಯ, ಒಂದೇ ಯಂತ್ರವನ್ನು ಊರಿನವರೆಲ್ಲ ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಅದನ್ನು ತಯಾರಿಸಿ ಮಾರುಕಟ್ಟೆಗೂ ತಂದಿತು, ಎಣಿಸಿದಷ್ಟು ಹೋಗಲಿಲ್ಲ. ಅದರ ರ‍್ಯಾಮು 32 ಅಥವಾ 64 ಎಂಬಿ. ಆ ಎಂಜಿನಿಯರುಗಳ ಕೈಬಿಗಿ ಈಗಿನವರಿಗಿಲ್ಲ. ನಮ್ಮ ಇಮೇಜುಗಳು ಜಿಬಿಗಟ್ಟಲೆ ಬೊಜ್ಜು ಬೆಳೆಸಿಕೊಂಡಿವೆ.

ಮಾನ್ವಿಯಿಂದ ಬಂದ ಬೇಡಿಕೆ ಬೇರೆ. “ನಮ್ಮದು ಉರ್ದು ಶಾಲೆ ರೀ ಸರ, ನಮ್ಮ ಮಕ್ಕಳ ಅಕ್ಷರಾನೂ ಬರಬೇಕಲ್ರಿ,” ಎಂದರು ಅಲ್ಲಿನ ಟೀಚರು. ನಿಜಾಮರ ಸೀಮೆಯಾಗಿದ್ದ ಜಿಲ್ಲೆಯಲ್ಲಿ ಕೇಳಲೇಬೇಕಾದ ಮಾತು. ದೇವದುರ್ಗದ್ದೇ ಬುಡ ಇಟ್ಟುಕೊಂಡು ಮಾನ್ವಿಗೆಂದು ಮತ್ತೊಂದು ಸ್ಟೇಜು ಸೇರಿಸಿ, ಬಲದಿಂದ ಎಡಕ್ಕೆ ಬರೆಯುವ ಕೀಲಿಮಣೆ, ನೊಟೊ ನಸ್ತಾಲಿಕ್ ಫಾಂಟು ಹಾಕಿದ್ದಾಯಿತು. ಆದರೆ ನಸ್ತಾಲಿಕ್ ಅಕ್ಷರಗಳು ಓರೆಯಾಗಿ ಮೇಲಿಂದ ಕೆಳಕ್ಕೆ ಇಳಿಯುತ್ತವೆ, ಅವಕ್ಕೆ ಸಾಲಿನ ಎತ್ತರ ಹೆಚ್ಚು ಬೇಕು. ಮೆನುವಿನಲ್ಲಿ ತಲೆ ಕತ್ತರಿಸಿಹೋಗುತ್ತದೆ. ಮೆನುಗಳಿಗೆ ಸಾಲಿನಲ್ಲಿ ನೆಟ್ಟಗೆ ಕೂರುವ ನಸ್ಖ್ ಶೈಲಿ, ಓದುವ ಪುಟಗಳಿಗೆ ಮಾತ್ರ ನಸ್ತಾಲಿಕ್ ಎಂದು ಟೀಚರನ್ನು ಒಪ್ಪಿಸುವ ಕೆಲಸ ಸದ್ಯ ನಡೆದಿದೆ. ಅವರು ಇನ್ನೂ ಒಪ್ಪಿಲ್ಲ.